ದರೋಗಾ ಸಾಬ್ರಿಗಿ ಮೂರು ಸಾಕ್ಷಿ

ಉಪಕಾರ ಮಾಡಿಸ್ಕೊಂಡವರನ್ನ ಹುಡುಕೋ ಕೆಲಸ ಸರ್ಕಾರಿ ನೌಕರಿಯೊಳಗ ಎಂದೂ ಮುಗಿಯಂಗಿಲ್ಲ ನೋಡ್ರಿ. ತಮಗ ಬೇಕಾದಾಗ ಅವರೇ ನಮ್ಮ ಬಾಗಿಲಿಗಿ ಬಂದು ನಿಂತಿರ್ತಾರ. ನಮಗ ಬೇಕಾದಾಗ ಅವರ ಬಾಗಿಲಾ ಯಾವ ಓಣ್ಯಾಗ ಅದ ಅಂತ ಕೇಳ್ಕೊಂತ ಹೋಗಬೇಕು. ನಾ ಇದನ್ನ ಭಾಳ ಸಲ ನೋಡೀನಿ. ಆದ್ರ ಸೇಡಂ ಸೀಮ್ಯಾಗಿನ ಒಂದು ಬಲದಿಯಾದಾಗ, ಅಂದ್ರ ಈಗ ನೀವು ಪುರಸಭೆ ಅಂತೀರಲ್ಲ ಅಲ್ಲಿ, ಕಾರಕೂನ ಇದ್ದಾಗ ನಡೆದದ್ದು ನೆನೆಸಿದ್ರ ನಗಿ ಮೊದಲು ಬರ್ತದೋ ಸಿಟ್ಟು ಮೊದಲು ಬರ್ತದೋ ನನಗ ಇನ್ನಾ ತಿಳಿದಿಲ್ಲ.

ಚಹಾ

ನಮ್ಮ ದರೋಗಾ ಸಾಬ್ರು ಅಂದ್ರ ಪೋಲೀಸ್ ದರೋಗಾ ಅಲ್ಲ, ಸಫಾಯಿ ದರೋಗಾ. ಊರ ಕಸ, ಗಟಾರ, ಬಾವಿ, ಬೀದಿ ಕಂದೀಲು ಎಲ್ಲಾ ಅವರೇ ನೋಡ್ಕೊಳ್ಳವರು. ನನಗ ನೌಕರಿ ಹಚ್ಚಿದವರು ಅವರು, ಕೆಲಸ ಕಲಿಸಿದವರೂ ಅವರೇ. ನಾ ಉಸ್ತಾದ್ ಅಂತಿದ್ದೆ, ಅವರು ಬೇಟಾ ಅಂತಿದ್ರು. ಗಟಾರದಾಗ ಕೈ ಹಾಕಿದವರ ಕೂಡ ಕುಂತು ಉಣ್ಣಲಾರದವ ಈ ನೌಕರಿ ಮಾಡಬಾರ್ದು ಅಂತ ಮೊದಲನೇ ದಿನಾನೇ ಹೇಳಿದ್ರು. ಹೇಳಿ ನನ್ನನ್ನ ಅವರ ಕೂಡ ಉಣ್ಣಲಿಕ್ಕೆ ಕೂಡಿಸಿದ್ರು.

ಪೋಲೀಸ್ ಆಕ್ಷನ್ ಆಗಿ ಹಳೇ ನವಾಬಿ ಕಾರಭಾರ ಮುಗದ ಮ್ಯಾಲ ಯಾರೋ ಒಬ್ಬ ಅವರ ಮ್ಯಾಲ ಚಾಡಿ ಹೇಳಿದ. ಅದರ ಮುಂಚಿನ ಗದ್ದಲದ ಕಾಲದಾಗ, ನವಾಬರ ಕಡಿಯಿಂದ ಊರೂರು ಲೂಟಿ ಮಾಡ್ತಿದ್ದ ಬಂದೂಕಿನವರಿಗಿ ಬಲದಿಯಾದಾಗ ಕೂಡಿಸಿ ಚಹಾ ಕುಡಿಸ್ಯಾರಂತ. ಜಿಲ್ಲಾ ಕಚೇರಿಯವರು ನೌಕರಿ ತಡದು ಮನ್ಯಾಗ ಕೂಡಿಸಿದ್ರು.

“ಕುಡಿಸಿದ್ದು ಖರೆ ಏನ್ರಿ ಉಸ್ತಾದ್?” ಅಂತ ಕೇಳಿದೆ.

“ಖರೆ ಬೇಟಾ. ಬಂದೂಕ ಮೇಜಿನ ಮ್ಯಾಲ ಇಟ್ಟು ಚಹಾ ಕೇಳಿದವನಿಗಿ ಏನ್ ಹೇಳಬೇಕಿತ್ತು? ಹಾಲು ಒಡದದ ಅಂತನಾ?”

ಜಿಲ್ಲಾ ಕಚೇರಿಯ ಹುಕುಂ ಹಿಂಗಿತ್ತು: ಮರ್ಯಾದಿ ಇದ್ದ ಮೂರು ಮಂದಿ ವಿಚಾರಣಿಗಿ ಬಂದು, ಇವರು ಛಲೋ ಮನುಷ್ಯರು ಅಂತ ಬಾಯಿ ಬಿಟ್ಟು ಹೇಳಿದ್ರ ನೌಕರಿ ವಾಪಸ್. ಹೇಳಲಿಲ್ಲಂದ್ರ ಕಾಯಂ ಮನಿಗಿ. ಕೈಕೆಳಗಿನವರ ಸಾಕ್ಷಿ ನಡಿಯಂಗಿಲ್ಲ, ಹಂಗಾಗಿ ನನ್ನ ಮಾತು ಉಪಯೋಗಿಲ್ಲ. ಇರ್ಲಿ, ಸಾಬ್ರು ನೌಕರಿ ಮಾಡಿದ ಊರೂರಾಗ ಯಾರ್ಯಾರಿಗಿ ಏನೇನ್ ಮಾಡ್ಯಾರ ಅಂಬೋದು ನನಗ ಗೊತ್ತಿತ್ತಲ್ಲ. ಮೂರು ಮಂದಿ ಅಂದ್ರ ಏನ್ ಮಹಾ ಅಂತ ಧೋತರದ ಚುಂಗು ಕಟ್ಟಿ ಹೊಂಟೆ.

ಭಾರ

ಮೊದಲು ಶಹಾಬಾದಿಗಿ ಹೋದೆ. ಅಲ್ಲಿ ಫರ್ಸಿ ಕಲ್ಲಿನ ಸಾವಕಾರ ಒಬ್ಬರು. ಹಿಂದ ಪ್ಲೇಗಿನಾಗ ಅವರ ತಾಯಿ ತೀರ್ಕೊಂಡಾಗ ಹೆಣಕ್ಕ ಹೆಗಲು ಕೊಡಲಿಕ್ಕೆ ಸ್ವಂತ ಅಣ್ಣತಮ್ಮಂದಿರೂ ಬರಲಿಲ್ಲ, ಊರು ಬಿಟ್ಟು ಓಡಿದ್ರು. ದರೋಗಾ ಸಾಬ್ರು ಜಾತಿ ನೋಡಲಿಲ್ಲ, ರೋಗ ನೋಡಲಿಲ್ಲ, ಹೆಗಲು ಕೊಟ್ರು.

ಹೆಸರು ಎತ್ತಿದ್ದೇ ತಡ, ಸಾವಕಾರ್ರು ಅಳಲಿಕ್ಕೆ ಶುರು ಮಾಡಿದ್ರು. “ಅವರು ನನ್ನ ತಾಯಿಗಿ ಮಗ ಆದ್ರು ತಮ್ಮ” ಅಂದ್ರು. ನನಗ ಶಿರಾ ತಿನ್ನಿಸಿದ್ರು. ತಿಂದು ಕೈ ತೊಳಕೊಂಡು, “ಹಂಗಾದ್ರ ವಿಚಾರಣಿಗಿ ಬರ್ತೀರಲ್ರಿ ಸಾವಕಾರ್ರ?” ಅಂದೆ.

ಅವರು ಕಣ್ಣು ಒರಸ್ಕೊಂಡು, “ಅವರ ಉಪಕಾರ ನನ್ನ ಹೆಗಲ ಮ್ಯಾಲ ಎಷ್ಟು ಭಾರ ಅದ ಅಂದ್ರ, ಕುಂತ ಜಾಗಾ ಬಿಟ್ಟು ಏಳಲಿಕ್ಕೇ ಆಗವಲ್ದು ನೋಡು” ಅಂದ್ರು.

ಟೋಪಿ

ಚಿತ್ತಾಪುರದಾಗ ಒಬ್ಬರು ವಕೀಲರು. ಗದ್ದಲದಾಗ ಬಂದೂಕಿನವರು ಅವರ ಮನಿ ಲೂಟಿ ಮಾಡ್ಲಿಕ್ಕೆ ಹೊಂಟಾರ ಅಂತ ಸಾಬ್ರಿಗಿ ಸುಳಿವು ಸಿಕ್ಕಿತ್ತು. ಆಗ ಸಾಬ್ರು ಚಿತ್ತಾಪುರದ ಬಲದಿಯಾದಾಗೇ ಇದ್ರು. ಓಡಿ ಹೋಗಿ ವಕೀಲರ ಬಾಗಿಲಿಗಿ ಸುಣ್ಣ ಬಳದು, ಅದರ ಮ್ಯಾಲ ಕೆಂಪು ಗುರ್ತು ಹಾಕಿ ಬಂದ್ರು. ಅದು ಪ್ಲೇಗಿನ ಮನಿ ಗುರ್ತು. ಬಂದೂಕಿನವರು ಅಂಗಳಕ್ಕ ಬಂದವರು ಮೂಗು ಮುಚ್ಕೊಂಡು ಹಂಗೇ ತಿರುಗಿದ್ರು.

ಆ ಕಾಲಕ್ಕ ವಕೀಲರು ಹಳೇ ಸರ್ಕಾರದವರಂಗ ಕೆಂಪು ರೂಮಿ ಟೋಪಿ ಹಾಕ್ತಿದ್ರು. ನಾ ಹೋದಾಗ ತಲಿ ಮ್ಯಾಲ ಬಿಳಿ ಖಾದಿ ಟೋಪಿ ಇತ್ತು. ಕುಂದ್ರಿ ಅನ್ನಲಿಲ್ಲ. ನಿಂತೇ ಎಲ್ಲಾ ನೆನಪು ಮಾಡಿಕೊಟ್ಟೆ.

“ಸುಳ್ಳು ಅಂಬಲ್ಲ” ಅಂದ್ರು ವಕೀಲರು. “ಆದ್ರ ಕಾಯ್ದಾ ಏನ್ ಹೇಳ್ತದ ಅಂದ್ರ, ಆ ಉಪಕಾರ ಆದದ್ದು ಆ ಟೋಪಿಗಿ. ಈ ಟೋಪಿಗಿ ಸಂಬಂಧ ಇಲ್ಲ.”

ಜಂಕ್ಷನ್

ಇನ್ನ ಉಳಿದವರು ವಾಡಿಯೊಳಗಿನ ರೈಲ್ವೆ ಬಾಬು. ಕಾಲರಾ ಬಂದಾಗ ಅವರ ಮನ್ಯಾಗ ಮಂದಿಯೆಲ್ಲಾ ಹಾಸಗಿ ಹಿಡದಿದ್ರು. ನೀರು ಕಾಸಿ ಕುಡಿಸಿ, ಹೊಲಸು ಬಳದು, ಸುಣ್ಣ ಹಾಕಿ ಬದುಕಿಸಿದವರು ದರೋಗಾ ಸಾಬ್ರು. ಈ ಬಾಬು ಒಬ್ಬರಾರ ಬರ್ತಾರ ಅಂತ ಖಾತ್ರಿ ಇತ್ತು ನನಗ.

ಬಾಬು ಪ್ಲಾಟ್‌ಫಾರ್ಮಿನ ಮ್ಯಾಲ ಆ ಕಡಿ ಈ ಕಡಿ ನೋಡಿ, ನನ್ನನ್ನ ಕಂಬದ ಮರಿಗಿ ಕರಕೊಂಡು ಹೋದ್ರು. ಸಾಬ್ರ ಮ್ಯಾಲ ಚಾಡಿ ಹೇಳಿದವ ದೊಡ್ಡವರ ಪೈಕಿ ಅಂತ ಕೇಳೀನಿ ಅಂದ್ರು. “ಹಂಗಂತ ದರೋಗಾ ಸಾಬ್ರು ಕೆಟ್ಟವರು ಅಂತೀರೇನು?” ಅಂದೆ.

“ಛೇ ಛೇ, ದೇವರಂಥವರು. ಆದ್ರ ನೀವೇ ನೋಡ್ರಿ, ಜಂಕ್ಷನ್ನಾಗ ಇರೋ ಮನುಷ್ಯ ನಾ. ಎರಡೂ ಕಡಿ ಗಾಡಿ ಬಿಡಬೇಕಾಗ್ತದ.”

ಮೂಗು

ವಿಚಾರಣಿ ದಿನ ಹತ್ರ ಬಂತು. ಸಾಬ್ರು ಚಿಂಚೋಳಿಯೊಳಗ ಮಗಳ ಮನ್ಯಾಗ ಇದ್ರು. ಕರಕೊಂಡು ಬರಲಿಕ್ಕೆ ಎರಡು ದಿನ ಮುಂಚೇನೇ ನಾನೇ ಹೋದೆ. ದಾರಿ ತುಂಬಾ, ಯಾರ್ಯಾರು ಬರ್ತಾರ ಬೇಟಾ ಅಂತ ಕೇಳಿದ್ರ ಏನ್ ಹೇಳೋದು ಅಂತ ಒಳಗೊಳಗೇ ಬೇಯಲಿಕತ್ತಿದ್ದೆ. ಅವರು ಕೇಳಲೇ ಇಲ್ಲ. ಎಲ್ಲಾರೂ ಆರಾಮ ಅದಾರಲ್ಲ ಅಂತ ಇಷ್ಟೇ ಅಂದ್ರು. ಅದು ಕೇಳಿ ನನಗ ಇನ್ನಾ ಸಂಕಟ ಆತು.

ಮೋಟಾರ್ ನಿಲ್ಲೋ ಜಾಗಾದಾಗ ಒಂದು ಗಟಾರ ಕಟ್ಟಿ ರಸ್ತಾಕ್ಕ ಹರೀಲಿಕತ್ತಿತ್ತು. ಸಾಬ್ರು ಒಂದು ಕೋಲು ಹುಡುಕಿ ಕುಕ್ಕರಗಾಲಿಲೆ ಕುಂತು ಅದನ್ನ ಬಿಡಿಸಲಿಕ್ಕೆ ಹತ್ತಿದ್ರು. ಮೋಟಾರ್‌ನವ ಒದರಲಿಕತ್ತಾನ, ಇವರು ಏಳವಲ್ರು.

“ಉಸ್ತಾದ್, ನೌಕರಿನೇ ಇಲ್ಲ, ಇದು ನಮ್ಮೂರೂ ಅಲ್ಲ. ಈಗಾರ ಬಿಡ್ರಿ” ಅಂದೆ.

“ನೌಕರಿ ಹೋಗ್ಯಾದ ಬೇಟಾ, ಮೂಗು ಹೋಗಿಲ್ಲಲ್ಲ” ಅಂದ್ರು.

ಶೋಕಸಭಾ

ಈ ಕಡಿ ನಮ್ಮೂರಾಗ ಬ್ಯಾರೇನೇ ನಡದಿತ್ತು. ಇದನ್ನ ನನಗ ಆಮ್ಯಾಲ ಬಾಗಿಲಾಗಿನ ಚಪರಾಸಿ ಹೇಳಿದ.

ನಮ್ಮ ಹೊಸ ಮ್ಯಾನೇಜರು ಧಾರವಾಡ ಕಡಿಯವರು. ಕಚೇರಿ ಕೆಲಸ ಇನ್ನಾ ಉರ್ದುದಾಗೇ ಇತ್ತು, ಅವರು ಅದನ್ನ ಹೊಸದಾಗಿ ಕಲೀಲಿಕತ್ತಿದ್ರು. ನಾ ಚಿಂಚೋಳಿಗಿ ಹೊಂಟ ದಿನಾನೇ, ವಿಚಾರಣಿ ಮುಗಿಯೋ ತನಕ ದರೋಗಾ ಪಗಾರದಿಂದ ಮಹರೂಮ್ ಅಂತ ಜಿಲ್ಲಾ ಕಚೇರಿಯಿಂದ ಹುಕುಂ ಬಂತು. ಮಹರೂಮ್ ಅಂದ್ರ ವಂಚಿತ, ಪಗಾರ ಸಿಗಂಗಿಲ್ಲ ಅಂತ. ಮ್ಯಾನೇಜರಿಗಿ ಹುಕುಮಿನಾಗ ದರೋಗಾ ಅಂಬೋದು ಬಿಟ್ರ ಓದಲಿಕ್ಕೆ ಬಂದದ್ದು ಅದೊಂದೇ ಶಬ್ದ, ಅದನ್ನೂ ಅವರು ಮರಹೂಮ್ ಅಂತ ಓದಿ ರಜಿಸ್ಟರಿನಾಗ ಹಂಗೇ ಬರದ್ರು. ಮರಹೂಮ್ ಅಂದ್ರ ತೀರ್ಕೊಂಡವರು.

ಸುದ್ದಿ ರೈಲು ಹತ್ತಿ ಹೋತು. ಬದುಕಿದ್ದಾಗ ಸಿಗಲಾರದ ಗಾಡಿ ಸತ್ತಾಗ ಎಲ್ಲಾರಿಗೂ ಸಿಕ್ತು. ಸಾವಕಾರ್ರು ಬಂದ್ರು, ವಕೀಲರು ಬಂದ್ರು, ವಾಡಿ ಬಾಬು ಹೂವಿನ ಹಾರ ತಂದ್ರು. ವಿಚಾರಣಿಗಿ ಬಂದ ಅಧಿಕಾರಿನ್ನೇ ಅಧ್ಯಕ್ಷರ ಕುರ್ಚಿ ಮ್ಯಾಲ ಕೂಡಿಸಿ ಶೋಕಸಭಾ ಶುರು ಮಾಡಿಬಿಟ್ರು.

ನಾವು ಹೋದ್ರ ಒಳಗ ಮಂದಿ ಕಿಕ್ಕಿರದಾರ. ವಿಚಾರಣಿ ನಡದದ ಅಂತ ತಿಳಕೊಂಡು ಹಿಂದಿನ ಬೆಂಚಿನ ಮ್ಯಾಲ ಸುಮ್ಮ ಕುಂತೆವು. ಬಾಬು ಮಾತಾಡಿ ಆಗಿತ್ತು, ಸಾವಕಾರ್ರು ಮಾತು ಮುಗಿಸಿ ಧೋತರದ ಸೆರಗಿಲೆ ಕಣ್ಣು ಒರಸ್ಕೊಳ್ಳಿಕತ್ತಿದ್ರು. ವಕೀಲರು ಎದ್ದು, “ಇಂಥಾ ಮನುಷ್ಯ ಈ ಸೀಮ್ಯಾಗ ಹುಟ್ಟಿಲ್ಲ, ಹುಟ್ಟಂಗಿಲ್ಲ. ಮಂದಿ ಸಲುವಾಗಿ ಜೀವ ತೇದ ಪುಣ್ಯಾತ್ಮ” ಅಂತ ಹೇಳಿದ್ರು. ಅಧಿಕಾರಿ ಕಣ್ಣಾಗೂ ನೀರು.

ಸಾಬ್ರು ಪಕ್ಕದವನ ಕಡಿ ಬಗ್ಗಿ, “ಯಾರ್ ತೀರ್ಕೊಂಡಾರಪ್ಪ? ಭಾಳ ಛಲೋ ಮನುಷ್ಯ ಇದ್ದಂಗ ಕಾಣ್ತದ” ಅಂತ ಕೇಳಿದ್ರು.

ಅವ ತಿರುಗಿ ನೋಡಿ, ಶಿವ ಶಿವಾ ಅಂತ ಬೆಂಚು ಬಿಟ್ಟು ಎದ್ದ. ಸಭಾಕ್ಕ ಸಭಾನೇ ತಿರುಗಿತು. ಗದ್ದಲ ಇಳದ ಮ್ಯಾಲ ಅಧಿಕಾರಿ ನಕ್ಕರು. ಮದರಾಸ್ ಕಡಿಯವರು, ಪುಸ್ತಕದ ಕನ್ನಡ. “ಬಹಳ ಸಂತೋಷ. ನೀವು ಮೂವರೂ ಇಲ್ಲಿಯೇ ಇದ್ದೀರಿ. ಈಗ ಹೇಳಿದ್ದನ್ನೇ ಸಾಕ್ಷಿಯಾಗಿ ಹೇಳಿರಿ. ಇವರನ್ನು ಇಂದೇ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ” ಅಂದ್ರು.

ಸಾವಕಾರ್ರು ಜಂತಿ ನೋಡಿದ್ರು. ಬಾಬು ತಮ್ಮ ಚಪ್ಪಲಿ ನೋಡ್ಕೊಂಡ್ರು. ವಕೀಲರು ಎದ್ದು ಕೈ ಮುಗದು, “ಸಾಹೇಬ್ರ, ನಾವು ಆಡಿದ್ದು ಸತ್ತವರ ಬಗ್ಗೆ. ಬದುಕಿದವರ ಬಗ್ಗೆ ನಮಗ ಏನೂ ಗೊತ್ತಿಲ್ಲ” ಅಂದ್ರು.

ನಾ ಎದ್ದು ನಿಂತೆ, ಸಾಬ್ರು ಕೈ ಹಿಡದು ಕೂಡಿಸಿದ್ರು. ಅಧಿಕಾರಿ, ಸಾಕ್ಷಿ ಇಲ್ಲದೆ ನಾನೇನೂ ಮಾಡಲಾರೆ ಅಂದ್ರು. ಮ್ಯಾನೇಜರು ಮಾರಿ ಸಣ್ಣದು ಮಾಡ್ಕೊಂಡು, ಮಹರೂಮ್ ಅಂಬೋದನ್ನ ಮರಹೂಮ್ ಅಂತ ಓದಿಬಿಟ್ಟೆ ಅಂತ ಒಪ್ಕೊಂಡು, ರಜಿಸ್ಟರಿನಾಗಿನ ತಪ್ಪು ತಿದ್ದಲಿಕ್ಕೆ ಲೆಕ್ಕಣಿಕಿ ತಗೊಂಡ್ರು.

“ಇರ್ಲಿ ಬಿಡ್ರಿ ಮ್ಯಾನೇಜರ್ ಸಾಬ್, ತಿದ್ದಬ್ಯಾಡ್ರಿ” ಅಂದ್ರು ದರೋಗಾ ಸಾಬ್ರು. “ಮಹರೂಮ್ ಆದವನಿಗಿ ಒಬ್ಬರೂ ಇಲ್ಲ. ಮರಹೂಮ್ ಆದವನಿಗಿ ಇಡೀ ಜಿಲ್ಲಾನೇ ಅದ. ಹಂಗೇ ಇರ್ಲಿ.”