ಎರಡನೇ ಮಹಡಿಯ ಪಿಂಚಣಿ

ಸರ್ಕಾರಿ ಕಚೇರಿಯಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರು ನಮ್ಮ ಪಿಂಚಣಿ ವಿಭಾಗದಲ್ಲಿ ಒಂದು ವಾರ ಕೂತು ನೋಡಬೇಕು. ನಾನು ಕೂತು ಅರ್ಧ ಆಯುಷ್ಯವೇ ಆಯಿತು. ನಗಬಾರದೆಂದು ಹಲ್ಲು ಕಚ್ಚಿ ಕೂತರೂ ಏನಾದರೊಂದು ನಡೆದೇ ತೀರುತ್ತದೆ.

ನಾನು ಹುಟ್ಟಿದ್ದು ಧಾರವಾಡದಲ್ಲಿ, ಉಣ್ಣುತ್ತಿರುವುದು ಪುಣೆಯ ಅನ್ನ. ಶಿವಾಜಿನಗರದ ಒಂದು ಹಳೆಯ ಕಲ್ಲಿನ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ವಿಭಾಗವಿತ್ತು. ಪಿಂಚಣಿ ತಗೊಳ್ಳುವವರು ಪ್ರತಿ ನವೆಂಬರಿನಲ್ಲಿ ತಾವು ಬದುಕಿದ್ದೇವೆ ಎಂದು ತೋರಿಸಬೇಕು. ತೋರಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಮಂಡಿ ಸವೆದವರೆಲ್ಲ ಬರುವ ವಿಭಾಗವನ್ನು ಎರಡನೇ ಮಹಡಿಗೆ ಏರಿಸಿ, ಲಿಫ್ಟನ್ನೂ ಹಾಕಿಸದೆ ಬಿಟ್ಟ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಸಿಕ್ಕಿದ್ದರೆ ಅವರನ್ನು ನಾಲ್ಕು ಸಲ ಹತ್ತಿಸಿ ಇಳಿಸುತ್ತಿದ್ದೆ.

ಹಾಗೆ ಏದುಸಿರು ಬಿಡುತ್ತ ಬರುವವರಲ್ಲಿ ಬಿಬವೇವಾಡಿಯ ಮಾವಶಿ ಒಬ್ಬರು. ಅವರ ಯಜಮಾನರು ದೌಂಡದ ಹತ್ತಿರ ಸರ್ಕಾರಿ ಶಾಲೆಯಲ್ಲಿ ಮಾಸ್ತರಾಗಿದ್ದು ತೀರಿಕೊಂಡವರು. ಅವರ ಹೆಸರಿನಲ್ಲಿ ಬರುವ ಪಿಂಚಣಿಯೊಂದೇ ಮಾವಶಿಗೆ ಆಧಾರ. ಖೋಲಿಯ ಬಾಡಿಗೆ, ಗುಳಿಗೆ, ಹಾಲು ಎಲ್ಲ ಅದರಲ್ಲೇ ಆಗಬೇಕು. ಮೊದಲ ಸಲ ಬಂದಾಗ ನನ್ನ ಮುಂದೆ ಒಳ್ಳೇ ಮರಾಠಿಯಲ್ಲಿ ಮಾತಾಡುತ್ತಿದ್ದರು. ಕುರ್ಚಿಯಿಂದ ಏಳುವಾಗ ಮಂಡಿ ಹಿಡಿದುಕೊಂಡು "ಅಯ್ಯ ಯಪ್ಪಾ!" ಎಂದರು ನೋಡಿ, ನಮ್ಮ ಕಡೆಯವರು ಎಂದು ಆಗ ಗೊತ್ತಾಯಿತು. ನೋವಿಗೆ ಯಾರೂ ಪರಭಾಷೆ ಬಳಸುವುದಿಲ್ಲ. ಅಂದಿನಿಂದ ನಾನು ಅವರಿಗೆ 'ತಂಗಿ', ಅವರು ನನಗೆ ಮಾವಶಿ, ಮರಾಠಿಯ ಚಿಕ್ಕಮ್ಮ.

ಕೆಳಗೆ ನೆಲಮಹಡಿಯಲ್ಲಿ ನಮ್ಮ ಕಚೇರಿಯ ಬಜೆಟ್ ನೋಡುವ ಸಾಹೇಬರ ಕೋಣೆ. ಪ್ರತಿ ವರ್ಷ ನಾನು ಲಿಫ್ಟು ಬೇಕೆಂದು ಬರೆಯುತ್ತಿದ್ದೆ. ಪ್ರತಿ ವರ್ಷ ಅವರು 'ಸದ್ಯಕ್ಕೆ ಅವಶ್ಯಕತೆ ಕಂಡುಬರುವುದಿಲ್ಲ' ಎಂದು ಬರೆದು ವಾಪಸ್ ಕಳಿಸುತ್ತಿದ್ದರು. ನೆಲಮಹಡಿಯಲ್ಲಿ ಕೂತವರಿಗೆ ಮೆಟ್ಟಿಲು ಕಾಣುವುದಾದರೂ ಹೇಗೆ?

ಒಂದು: ಅರ್ಧ ಕತ್ತರಿ

ಸರ್ಕಾರದಲ್ಲಿ ಹಣ ಕೇಳುವುದಕ್ಕೊಂದು ರೀತಿಯಿದೆ. ಮೇಲಿನವರು ಏನು ಕೇಳಿದರೂ ಅರ್ಧ ಕತ್ತರಿಸುತ್ತಾರೆ, ಆದ್ದರಿಂದ ಕೆಳಗಿನವರು ಬೇಕಾದ್ದರ ಎರಡರಷ್ಟು ಕೇಳುತ್ತಾರೆ. ಇಬ್ಬರಿಗೂ ಇದು ಗೊತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ಗಂಭೀರವಾಗಿರುತ್ತಾರೆ.

ಲಿಫ್ಟಂತೂ ಇಲ್ಲ, ಹತ್ತಿ ಬಂದವರು ಕೂರಲಿಕ್ಕಾದರೂ ಕುರ್ಚಿ ಇರಲಿ ಎಂದು ಒಂದು ವರ್ಷ ಕೇಳಿದೆ, ರೂಢಿಯಂತೆ ಎರಡರಷ್ಟು. ಆ ವರ್ಷ ಮೇಲಿನ ಕಚೇರಿಯಲ್ಲಿ ಕತ್ತರಿ ಹಾಕುವವರು ವರ್ಗವಾಗಿ ಹೋಗಿ, ಅವರ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದರು. ಪಾಪ, ಕೇಳಿದ್ದನ್ನು ಕೇಳಿದ ಹಾಗೇ ಮಂಜೂರು ಮಾಡಿಬಿಟ್ಟರು. ಕೊಟ್ಟ ಹಣವನ್ನು ಖರ್ಚು ಮಾಡದಿದ್ದರೆ ಮುಂದಿನ ವರ್ಷ ಅದೂ ಸಿಗುವುದಿಲ್ಲ. ಹೀಗಾಗಿ ಟೆಂಪೋ ಮೇಲೆ ಟೆಂಪೋ ಬಂದವು. ಹಜಾರದ ತುಂಬ ಕುರ್ಚಿ, ಕಿಟಕಿಗೆ ಅಡ್ಡ ಕುರ್ಚಿ, ಕೌಂಟರಿನ ಬಾಗಿಲಿಗೆ ಒತ್ತಿಕೊಂಡು ಕುರ್ಚಿ. ನಾನೇ ನನ್ನ ಮೇಜಿಗೆ ಪಕ್ಕಕ್ಕೆ ವಾಲಿಕೊಂಡು ಹೋಗಬೇಕಾಯಿತು.

ಕೋಲು ಹಿಡಿದು ಬಂದ ನಿವೃತ್ತ ಗುಮಾಸ್ತರೊಬ್ಬರು ಬಾಗಿಲ ಬಳಿಯ ಕುರ್ಚಿಯಲ್ಲಿ ಆರಾಮಾಗಿ ಕೂತು, ಒಳಗೆ ಹೋಗಲು ದಾರಿ ಹುಡುಕಿ ಸೋತು, ನನಗೆ ಕೂಗಿ ಹೇಳಿದರು: "ಮ್ಯಾಡಮ್, ಮೊದಲು ನಿಂತುಕೊಂಡಾದರೂ ಕೆಲಸ ಆಗುತ್ತಿತ್ತು. ಈಗ ಕೂತುಕೊಂಡು ಆಗುತ್ತಿಲ್ಲ!"

ಎರಡು: ಸರ್ಕಾರದ ಕಡೆ ನೋಡಿ ಕಣ್ಣು

ಈಗಿನ ಕಾಲದಲ್ಲಿ ಇಷ್ಟೆಲ್ಲ ಹತ್ತಿ ಬರಬೇಕೇ, ಮೊಬೈಲಿನಲ್ಲೇ ಆಗುತ್ತದಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಹೇಳಿ ಮಾವಶಿಯನ್ನು ಅವರ ಮನೆ ಹತ್ತಿರದ ಸೇವಾ ಕೇಂದ್ರಕ್ಕೆ ಕಳಿಸಿದ್ದೆ. ಮೊದಲು ಅಲ್ಲಿ ಬೆರಳಚ್ಚು ತೆಗೆಯುವ ಯಂತ್ರ ಇಟ್ಟರು. ಜನ್ಮವೆಲ್ಲ ಜೋಳದ ರೊಟ್ಟಿ ಬಡಿದ ಬೆರಳು, ಗೆರೆಗಳೆಲ್ಲ ರೊಟ್ಟಿಗೇ ಹತ್ತಿಕೊಂಡು ಹೋಗಿದ್ದವೋ ಏನೋ, ಯಂತ್ರ ಒಪ್ಪಲಿಲ್ಲ. ಆಮೇಲೆ ಮುಖ ನೋಡಿ ಗುರುತಿಸುವ ಆ್ಯಪ್ ತೆರೆದರು. ಕೇಂದ್ರದ ತರುಣ ಮೊಬೈಲನ್ನು ಮುಖದ ಮುಂದೆ ಹಿಡಿದು, "ಆಜಿ, ಇಲ್ಲಿ ನೋಡಿ ಕಣ್ಣು ಮಿಟುಕಿಸಿ" ಎಂದನಂತೆ. ಮಾವಶಿ ಸೆರಗು ಸರಿಮಾಡಿಕೊಂಡು ಎದ್ದೇ ಬಂದುಬಿಟ್ಟರು.

ಮರುದಿನ ಎರಡು ಮಹಡಿ ಹತ್ತಿ ನನ್ನೆದುರು ಬಂದು ಕೂತರು. ಮುಖ ಬಿಳಿಚಿಕೊಂಡಿತ್ತು. ನೀರು ಕೊಟ್ಟೆ. ಈ ವರ್ಷ ಹತ್ತಿದರು, ಮುಂದಿನ ವರ್ಷ ಹತ್ತಲಾಗದಿದ್ದರೆ ಇವರ ಒಲೆ ಉರಿಯುವುದು ಹೇಗೆ?

"ಮಾವಶಿ, ಒಂದ ಸಲ ಕಣ್ಣ ಮಿಟುಕಿಸಿದ್ರ ಮುಗೀತಿತ್ತಲ್ರಿ!" ಎಂದು ಗದರಿದೆ.

"ಏನ್ ಮಾತಾಡ್ತೀ ತಂಗಿ," ಎಂದರು ಮಾವಶಿ ನೀರಿನ ಲೋಟ ಕೆಳಗಿಟ್ಟು. "ನಮ್ಮ ಮಾಸ್ತರ ಇದ್ದಾಗ ಅವರಿಗೇ ಒಂದ ದಿನಾ ಕಣ್ಣ ಹೊಡದಾಕಿ ಅಲ್ಲ ನಾ. ಈಗ ಈ ವಯಸ್ಸಿನ್ಯಾಗ ಸರ್ಕಾರಕ್ಕ ಹೊಡೀಲೇನು?"

ಮೂರು: ಮಾರ್ಚ್ ತಿಂಗಳ ಜಾಗೃತಿ

ಮಾರ್ಚ್ ಬಂತೆಂದರೆ ಕಚೇರಿಗಳಿಗೆ ಮೈಮೇಲೆ ದೇವರು ಬರುತ್ತದೆ. ವರ್ಷವಿಡೀ ಮುಟ್ಟದ ಹಣವನ್ನು ತಿಂಗಳು ಮುಗಿಯುವುದರೊಳಗೆ ಖರ್ಚು ಮಾಡಬೇಕು. ಒಂದು ಮಾರ್ಚಿನಲ್ಲಿ 'ಜನಜಾಗೃತಿ' ಎಂಬ ಬಾಬಿನಲ್ಲಿ ಹಣ ಉಳಿದಿದೆ ಎಂದು ಸಾಹೇಬರು ಹೇಳಿದರು. "ಅದರಲ್ಲಿ ಕೈ ಹಿಡಿದು ಹತ್ತಲು ಮೆಟ್ಟಿಲಿಗೊಂದು ಕಂಬಿ ಹಾಕಿಸೋಣ" ಎಂದೆ. "ಛೇ ಛೇ, ಕಂಬಿ ಬೇರೆ ಬಾಬು, ಜಾಗೃತಿ ಬೇರೆ ಬಾಬು" ಎಂದರು. ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ಮುಟ್ಟಿಸುವುದು ಮಡಿ ಬಟ್ಟೆಗೆ ಮೈಲಿಗೆ ಬಟ್ಟೆ ತಾಗಿಸಿದ ಹಾಗೆ.

ಕಡೆಗೆ ದೊಡ್ಡದೊಂದು ಬಣ್ಣಬಣ್ಣದ ಬ್ಯಾನರ್ ಬಂತು. ಒಬ್ಬ ಅಜ್ಜ, ಒಬ್ಬ ಅಜ್ಜಿ ನಗುತ್ತಿರುವ ಚಿತ್ರ. ಕೆಳಗೆ ಅಕ್ಷರ: 'ಹಿರಿಯರೇ, ಕಚೇರಿಗೆ ಬರುವ ಕಷ್ಟ ನಿಮಗೆ ಬೇಡ!'

ಅದನ್ನು ಎಲ್ಲಿ ತೂಗುಹಾಕಿದರು ಹೇಳಿ? ಎರಡನೇ ಮಹಡಿಯಲ್ಲಿ, ನಮ್ಮ ಕೌಂಟರಿನ ನೆತ್ತಿಯ ಮೇಲೆ.

ನಾಲ್ಕು: ತಂಟೆ ಮಾಡದ ಲಿಫ್ಟು

ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೂ ಹೇಳುತ್ತೇನೆ. ನಮಗೆ ಲಿಫ್ಟು ಕೊಳ್ಳಲು ಹಣ ಕೊಡದ ಸರ್ಕಾರ, ಲಿಫ್ಟಿನ ದುರಸ್ತಿಗೆಂದು ಪ್ರತಿ ವರ್ಷ ತಪ್ಪದೆ ಹಣ ಕಳಿಸುತ್ತಿತ್ತು. ಯಾವಾಗಲೋ ಯಾರೋ ಲಿಫ್ಟು ಇರುವ ಬೇರೊಂದು ಕಚೇರಿಯ ಬಜೆಟ್ ಪಟ್ಟಿಯನ್ನು ನಮ್ಮದಕ್ಕೆ ನಕಲು ಮಾಡಿದ್ದರು. ಆಮೇಲೆ ಬಂದವರೆಲ್ಲ ಹಿಂದಿನ ವರ್ಷದ್ದನ್ನು ನೋಡಿ ಬರೆದರು. 'ಲಿಫ್ಟೇ ಇಲ್ಲ' ಎಂದು ನಾನು ಬರೆದು ಹಣ ವಾಪಸ್ ಮಾಡುತ್ತಿದ್ದೆ, ಮರುವರ್ಷ ಅದು ಮತ್ತೆ ಬರುತ್ತಿತ್ತು.

ಒಂದು ವರ್ಷ ತಪಾಸಣೆಗೆ ಬಂದ ಆಡಿಟರರು ಎರಡು ಮಹಡಿ ಹತ್ತಿ, ಬೆವರೊರೆಸಿಕೊಂಡು, ಕುಡಿಯಲು ನೀರು ಕೇಳಿ, ಕಾಗದ ತಿರುವಿ ಹಾಕಿದರು. "ಮ್ಯಾಡಮ್, ಲಿಫ್ಟಿನ ದುರಸ್ತಿಗೆ ಬಂದ ಹಣ ಪ್ರತಿ ವರ್ಷ ಖರ್ಚಾಗದೆ ವಾಪಸ್ ಹೋಗಿದೆ. ಯಾಕೆ?"

ಮೆಟ್ಟಿಲು ಹತ್ತಿ ಬಂದ ಮನುಷ್ಯ, ಏದುಸಿರು ಇನ್ನೂ ನಿಂತಿಲ್ಲ, ಈ ಪ್ರಶ್ನೆ ಕೇಳುತ್ತಾರೆ! ನನಗೂ ತಲೆ ಕೆಟ್ಟಿತು. "ಸಾಹೇಬರೇ, ನಮ್ಮ ಲಿಫ್ಟು ಇದುವರೆಗೆ ಒಂದು ದಿನವೂ ಕೆಟ್ಟಿಲ್ಲ" ಎಂದೆ.

ಅವರು ಸಂತೋಷದಿಂದ ತಲೆಯಾಡಿಸಿದರು. ಆ ವರ್ಷದ ವರದಿಯಲ್ಲಿ ನಮ್ಮ ವಿಭಾಗಕ್ಕೆ ಒಂದು ಮೆಚ್ಚುಗೆಯ ಮಾತು ಬಂತು: ಯಂತ್ರೋಪಕರಣಗಳ ನಿರ್ವಹಣೆ ಸಮಾಧಾನಕರ.

ಐದು: ಹಗ್ಗ ಮತ್ತು ಬುಟ್ಟಿ

ಮಾವಶಿ ಕಣ್ಣು ಮಿಟುಕಿಸದೆ ಎದ್ದು ಬಂದ ಮರುವರ್ಷದ ನವೆಂಬರಿನಲ್ಲಿ ಕಚೇರಿ ಎದುರಿನ ಚಹಾ ಗಾಡಿಯವರು ಮೇಲೆ ಬಂದು, "ಮ್ಯಾಡಮ್, ಕೆಳಗೆ ಒಬ್ಬ ಆಜಿ ನಿಮ್ಮನ್ನು ಕರೆಯುತ್ತಿದ್ದಾರೆ" ಎಂದರು. ಕಿಟಕಿಯಿಂದ ಬಗ್ಗಿ ನೋಡಿದರೆ ಅಂಗಳದಲ್ಲಿ ಮಾವಶಿ. ಮಂಡಿಗೆ ಪಟ್ಟಿ ಸುತ್ತಿಕೊಂಡು ಮೊದಲ ಮೆಟ್ಟಿಲ ಮೇಲೆ ಕೂತಿದ್ದಾರೆ.

"ತಂಗೀ, ಈ ಸಲ ಹತ್ತೂದು ಆಗಂಗಿಲ್ಲವಾ!" ಎಂದು ಕೂಗಿದರು. "ಇಲ್ಲಿಂದನ ನೋಡ್ಕೋ!"

ನಾನು ಕೆಳಗಿಳಿಯುವ ಹಾಗಿರಲಿಲ್ಲ. ಹಿಂದೊಮ್ಮೆ ಹೀಗೇ ಒಬ್ಬರಿಗಾಗಿ ಇಳಿದಾಗ, ಕೌಂಟರ್ ಬಿಟ್ಟು ತಿರುಗಾಡುತ್ತಾರೆ ಎಂದು ಸಾಹೇಬರು ನೋಟಿಸು ಕೊಟ್ಟಿದ್ದರು. ನಿಯಮ ಏನು ಹೇಳುತ್ತದೆ ಎಂದು ನೆನಪಿಸಿಕೊಂಡೆ: ಪಿಂಚಣಿದಾರರು ಅಧಿಕಾರಿಯ ಕಣ್ಣೆದುರು ಹಾಜರಾಗಿ ಸಹಿ ಮಾಡಬೇಕು. ಕಣ್ಣೆದುರಂತೂ ಇದ್ದಾರೆ. ಉಳಿದದ್ದು ಸಹಿ.

ಪುಣೆಯ ಪೇಟೆಯ ಹಳೇ ಮನೆಗಳಲ್ಲಿ ಮೇಲಿನ ಮಹಡಿಯ ಹೆಂಗಸರು ಹಗ್ಗಕ್ಕೆ ಚೀಲ ಕಟ್ಟಿ ಕೆಳಗೆ ಬಿಟ್ಟು, ಗಾಡಿಯವನಿಂದ ಕೊತ್ತಂಬರಿ ಸೊಪ್ಪು ಎಳೆದುಕೊಳ್ಳುವುದನ್ನು ನೀವು ನೋಡಿರಬಹುದು. ನಾನು ನನ್ನ ಮನೆಯಲ್ಲಿ ದಿನಾ ಮಾಡುವುದೇ ಅದು. ಹೊಸ ಕಸದ ಬುಟ್ಟಿಯೊಂದಕ್ಕೆ ಸುತಳಿ ಕಟ್ಟಿ, ಕಾಗದ ಪೆನ್ನು ಇಟ್ಟು ಇಳಿಬಿಟ್ಟೆ. ಮಾವಶಿ ಸಹಿ ಮಾಡಿ, ಮುಖ ಮೇಲೆತ್ತಿ, "ಜೀವಂತ ಇದ್ದೀನಿ ನೋಡ್ಕೋ ತಂಗೀ!" ಎಂದು ಕೂಗಿದರು. ಬುಟ್ಟಿ ಎಳೆದುಕೊಂಡು ಠಸ್ಸೆ ಒತ್ತಿದೆ. ಅವರ ಪಿಂಚಣಿ ಉಳಿಯಿತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಮರುದಿನ ಬೆಳಿಗ್ಗೆ ಅಂಗಳದ ತುಂಬ ಅಜ್ಜ ಅಜ್ಜಿಯರು. ಒಬ್ಬೊಬ್ಬರೇ ಮುಂದೆ ಬಂದು, ಕನ್ನಡಕ ತೆಗೆದು, ಆಕಾಶ ನೋಡುತ್ತ, "ಮೀ ಜಿವಂತ ಆಹೆ!" ಎಂದು ಕೂಗತೊಡಗಿದರು. ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದ ಒಬ್ಬರು ಇದು ಯಾವುದೋ ಮೋರ್ಚಾ ಎಂದುಕೊಂಡು, ನಿಂತು, ಮುಷ್ಟಿ ಎತ್ತಿ ತಾವೂ ನಾಲ್ಕು ಸಲ "ಜಿವಂತ ಆಹೆ!" ಎಂದು ಘೋಷಣೆ ಕೂಗಿ ಹೋದರು. ಸೊಪ್ಪಿನ ಗಾಡಿಯವನು ಇಳಿದ ಬುಟ್ಟಿಯನ್ನು ನೋಡಿ ರೂಢಿಯಂತೆ ಮೆಂತ್ಯದ ಕಟ್ಟು ಇಟ್ಟ.

ನಮ್ಮ ಕಿಟಕಿಯ ನೇರ ಕೆಳಗೇ ಸಾಹೇಬರ ಕಿಟಕಿ. ಅವರ ಮೂಗಿನ ಮುಂದೆ ದಿನವಿಡೀ ಬುಟ್ಟಿ ಇಳಿಯುತ್ತಿತ್ತು, ಏರುತ್ತಿತ್ತು. ಎಷ್ಟೋ ವರ್ಷದ ಮೇಲೆ ಮೊದಲ ಬಾರಿಗೆ ಅವರು ಎರಡನೇ ಮಹಡಿಗೆ ಹತ್ತಿ ಬಂದರು.

"ಅಹೋ ಮ್ಯಾಡಮ್, ಇದು ಕಚೇರಿಯೋ, ತರಕಾರಿ ಮಾರ್ಕೆಟ್ಟೋ?"

"ಕಣ್ಣೆದುರು ಹಾಜರಾಗಬೇಕು ಅಂತ ನಿಯಮ ಇದೆ ಸಾಹೇಬರೇ. ಎಷ್ಟು ದೂರದಿಂದ ಅಂತ ಇಲ್ಲ."

"ಇಷ್ಟು ಎತ್ತರದಿಂದ ನಿಮಗೆ ಮುಖ ಗುರುತು ಸಿಗುತ್ತದೆಯೇ?"

"ಅದರ ಚಿಂತೆ ಬಿಡಿ. ಹೋದ ತಿಂಗಳಷ್ಟೇ ಕನ್ನಡಕ ಬದಲಿಸಿದ್ದೇನೆ."

ಆರು: ಉದ್ಘಾಟನೆ

ಆ ಗದ್ದಲದಲ್ಲಿ ಕೂತು ಕೆಲಸ ಮಾಡಲು ಸಾಹೇಬರಿಂದ ಆಗಲಿಲ್ಲ. ಎರಡನೇ ಮಹಡಿ ಎಷ್ಟು ಶಾಂತವಾಗಿದೆ ಎಂದು ಬಂದಾಗಲೇ ಗಮನಿಸಿದ್ದರು. ವಾರದೊಳಗೆ ಆದೇಶ ಬಂತು: ಪಿಂಚಣಿ ವಿಭಾಗ ಕೆಳಗೆ, ಬಜೆಟ್ ಸಾಹೇಬರ ಕೋಣೆ ಮೇಲೆ. "ಮೇಲಿನ ಗಾಳಿಗೆ ಹೊಂದಿಕೊಂಡುಬಿಟ್ಟಿದ್ದೆವು ಸಾಹೇಬರೇ" ಎಂದು ನಾನು ಮುಖ ಸಪ್ಪಗೆ ಮಾಡಿದೆ. ಅವರು ಆ ಕಡೆ ತಿರುಗಿದ ಕೂಡಲೇ ಕಡತಗಳನ್ನು ಹೊತ್ತುಕೊಂಡು ಕೆಳಗೆ ಓಡಿದೆ.

ಸಾಹೇಬರು ಬೆಳಿಗ್ಗೆ ಒಮ್ಮೆ ಹತ್ತಿದರು, ಊಟಕ್ಕೆ ಇಳಿದು ಹತ್ತಿದರು, ಮೀಟಿಂಗಿಗೆ ಇಳಿದು ಹತ್ತಿದರು. ಐವತ್ತು ದಾಟಿದ ಮಂಡಿ ಎಷ್ಟು ತಡೆದೀತು? ಮುಂದಿನ ಬಜೆಟ್ ತಯಾರಾಗುವಾಗ ನಾನು ಲಿಫ್ಟಿನ ಮಾತೇ ಎತ್ತಲಿಲ್ಲ. ಅವರೇ ಬರೆದರು. 'ಅತ್ಯಂತ ತುರ್ತು' ಎಂದು ಮೇಲೆ, 'ಜ್ಯೇಷ್ಠ ನಾಗರಿಕರ ಕಷ್ಟವನ್ನು ಕಣ್ಣಾರೆ ಕಂಡು' ಎಂದು ಕೆಳಗೆ. ನಾನು ವರ್ಷಾನುಗಟ್ಟಲೆ ಬೇಡಿದರೂ ಬಾರದ ಲಿಫ್ಟು ಅವರೊಬ್ಬರ ಕಾಗದಕ್ಕೆ ಬಂತು. ಸಿಟ್ಟು ಬರಬೇಕಿತ್ತು, ನಗು ಬಂತು.

ಜ್ಯೇಷ್ಠ ನಾಗರಿಕರಿಗಾಗಿ ಎಂದು ಬರೆದ ಮೇಲೆ ಉದ್ಘಾಟನೆಗೆ ಒಬ್ಬ ಜ್ಯೇಷ್ಠ ನಾಗರಿಕರು ಬೇಕಲ್ಲ. ನಾನು ಮಾವಶಿಯ ಹೆಸರು ಹೇಳಿದೆ. ಅವರು ಇಳಕಲ್ ಸೀರೆ ಉಟ್ಟು ರಿಕ್ಷಾದಲ್ಲಿ ಬಂದಿಳಿದರು. ಕೆಳಗೆ ನಮ್ಮ ಹೊಸ ಕೌಂಟರಿನಲ್ಲಿ ಸಹಿ ಮಾಡಿ, ಚಹಾ ಕುಡಿದು, ರಿಬ್ಬನ್ ಕತ್ತರಿಸಿದರು. ಮೇಲೆ ಸಾಹೇಬರು ಹೂಗುಚ್ಛ ಹಿಡಿದು, ಪಕ್ಕದಲ್ಲಿ ಫೋಟೋದವನನ್ನು ನಿಲ್ಲಿಸಿಕೊಂಡು ಕಾಯುತ್ತಿದ್ದರು.

"ನನ್ನ ಕೆಲಸ ಕೆಳಗ ಮುಗೀತಲ್ಲ ತಂಗಿ. ಮ್ಯಾಲೇನದ ನನಗ?" ಎಂದರು ಮಾವಶಿ ಲಿಫ್ಟಿನ ಒಳಗೆ ನಿಂತು.

"ಏನಿಲ್ರಿ, ಸಾಹೇಬ್ರು ಅದಾರ. ಒಮ್ಮೆ ಹೋಗಿ ಅವರನ್ನ ನೋಡಿ ಬರೂಣು."

"ಹೌದೇನು? ನೋಡ್ಬೇಕೇನು?" ಎಂದು ಮಾವಶಿ ಗಂಭೀರವಾಗಿ ತಲೆಯಾಡಿಸಿದರು. ಇಷ್ಟು ವರ್ಷ ನಾವು ಮಾವಶಿಯನ್ನು ನೋಡುತ್ತ ಬಂದ ಹಾಗೆ, ಈ ಸಲ ಸಾಹೇಬರನ್ನು ನೋಡುವ ಕೆಲಸ ತಮ್ಮ ಪಾಲಿಗೆ ಬಂದಿದೆ ಎಂದು ಅವರು ತಿಳಿದದ್ದು ನನಗೆ ಆಗ ಹೊಳೆಯಲಿಲ್ಲ.

ಬಾಗಿಲು ತೆರೆಯಿತು. ಸಾಹೇಬರು ನಗುತ್ತ ಹೂಗುಚ್ಛ ಚಾಚಿದರು. ಮಾವಶಿ ಅದನ್ನು ಮುಟ್ಟಲಿಲ್ಲ. ಕನ್ನಡಕ ಏರಿಸಿಕೊಂಡು, ಸಾಹೇಬರ ಕೊರಳಲ್ಲಿದ್ದ ಗುರುತಿನ ಚೀಟಿ ಕೈಗೆ ತಗೊಂಡು, ಅದರ ಫೋಟೋ ನೋಡಿದರು, ಮುಖ ನೋಡಿದರು. ಮತ್ತೆ ಫೋಟೋ, ಮತ್ತೆ ಮುಖ. ಸಾಹೇಬರು ಉಸಿರು ಬಿಗಿಹಿಡಿದು ನಿಂತೇ ಇದ್ದರು.

"ಜರಾ ಉಸಿರಾಡ್ರಿ, ನೋಡೂಣು" ಎಂದರು ಮಾವಶಿ. ಕನ್ನಡ ತಿಳಿಯದಿದ್ದರೂ ಸಾಹೇಬರು ಫುಸ್ಸೆಂದು ಉಸಿರು ಬಿಟ್ಟರು.

ಮಾವಶಿ ಸಮಾಧಾನದಿಂದ ಚೀಟಿ ಕೆಳಗೆ ಬಿಟ್ಟು ನನ್ನ ಕಡೆ ತಿರುಗಿದರು:

"ಅದಾರ ತಂಗಿ, ಜೀವಂತನ ಅದಾರ. ಎಲ್ಲಿ ಸಹಿ ಮಾಡ್ಲಿ ಹೇಳು."