ಆರದ ಕೆಂಪು ದೀಪ

"ಈ ಸಲ ಸೊಳ್ಳೆ ಕೂಡ ಗುಂಯ್ ಅನ್ನಬಾರದು, ಹಂಗೆ ಮಾಡ್ತೀನಿ ನೋಡು!" ಎಂದು ಕಿಯೋಹಾರು ಎದೆ ತಟ್ಟಿಕೊಂಡ.

ಪಂತ ಸಣ್ಣದಲ್ಲ. ಅವನ ಸೂರಿನ ಮೇಲಿನ ರೇಡಿಯೋ ಕಂಬವನ್ನು ಕೀಳಿಸಬೇಕೆಂದು ಕೇರಿ ಸಂಘ ಹಟ ಹಿಡಿದಿತ್ತು. "ಭೂಕಂಪ ಆದ್ರೆ ನಿಮ್ಮನ್ನ ಕಾಯೋದು ಇದೇ" ಎಂದು ವಾದಿಸಿ, ಸೆಪ್ಟೆಂಬರ್ ಒಂದರ ಭೂಕಂಪ ಕವಾಯತಿನವರೆಗೆ ಗಡುವು ಗಿಟ್ಟಿಸಿದ್ದ; ಅಂದು ಸಂದೇಶ ಸರಿಯಾಗಿ ಮುಟ್ಟಿದರೆ ಕಂಬ ಉಳಿಯುತ್ತದೆ. ಹೋದ ವರ್ಷ ಅವನ ತುರ್ತು ಸಂದೇಶದ ಜೊತೆ "ನಮ್ಮ ಸೊಸೆಗೆ ಅನ್ನ ಬೇಯ್ಸೋಕೂ ಬರಲ್ಲ ಕಣ್ರೀ" ಎಂದು ಹಿಂದೆ ಕೂತವರು ಆಡಿದ ಮಾತೂ ಮೈಕಿಗೆ ಸಿಕ್ಕಿ ನಗರಸಭೆ ಮುಟ್ಟಿತ್ತು!

ಅದಕ್ಕೇ ಕೆಂಪು ದೀಪ. ಮಾತಿನ ಗುಂಡಿ ಒತ್ತಿದರೆ ರೇಡಿಯೋದೊಳಗಿನ ಪುಟ್ಟ ಸ್ವಿಚ್ಚು ರಿಲೇ ಎಂಬ ಹೊರಗಿನ ವಿದ್ಯುತ್ ಸ್ವಿಚ್ಚನ್ನು ಎಳೆಯಬೇಕು, ರಿಲೇ ದೀಪ ಹೊತ್ತಿಸಬೇಕು, ಊರು ಬಾಯಿ ಮುಚ್ಚಬೇಕು. ರಿಲೇಯೋ, ಗುಜರಿಗೆ ಬಿದ್ದ ಲಿಫ್ಟಿನದು. ಮುಷ್ಟಿಗಾತ್ರ!

"ರೀ, ರೇಡಿಯೋ ಪುಸ್ತಕದಲ್ಲಿ ಬರ್ದಿದೆ," ಎಂದಳು ಹೆಂಡತಿ ಮಿಯೋಕೊ. "ದೊಡ್ಡ ರಿಲೇ ನೇರ ಕಟ್ಬೇಡಿ, ಒಳಗಿನ ಸ್ವಿಚ್ಚು ಸುಡುತ್ತೆ, ಮಧ್ಯ ಒಂದು ಚಿಕ್ಕದು ಹಾಕಿ ಅಂತ."

"ಆ ಪುಸ್ತಕ ಬರ್ದೋನು ಹೆದರುಪುಕ್ಕಲ ಕಣೇ!"

ಕವಾಯತಿನ ಬೆಳಿಗ್ಗೆ ಸಮುದಾಯ ಭವನ ತುಂಬಿತ್ತು. ಮೂಲೆಯ ಹಂಡೆಯಲ್ಲಿ ಹಂದಿಮಾಂಸ, ಕೆಸುವಿನ ಗೆಡ್ಡೆಯ ಸಾರು ಕುದಿಯುತ್ತಿತ್ತು. "ದೀಪ ಉರೀತಿರೋವರೆಗೂ ಯಾರೂ ಪಿಟಿಕ್ಕೆನ್ನಂಗಿಲ್ಲ, ಅಲ್ಲಾಡಂಗೂ ಇಲ್ಲ," ಎಂದು ಸಂಘದ ಅಧ್ಯಕ್ಷೆ ಇನಾಗಾಕಿ ಅಜ್ಜಿ ಅಪ್ಪಣೆ ಕೊಟ್ಟಳು. ಬೆಕ್ಕೂ ದಾಟದ ಬೀದಿಯಲ್ಲೂ ಕೆಂಪು ದೀಪಕ್ಕೆ ನಿಲ್ಲುವ ಜನ. ಉಸಿರು ಹಿಡಿದು ಕೂತರು.

ಕಿಯೋಹಾರು ಗುಂಡಿ ಒತ್ತಿದ. ಟಕ್! ದೀಪ ಧಗ್ಗನೆ ಹೊತ್ತಿತು. ಸಂದೇಶ ಓದಿ ಗುಂಡಿ ಬಿಟ್ಟ. ದೀಪ ಬಿಡಲಿಲ್ಲ, ಉರಿಯುತ್ತಲೇ ಇತ್ತು. ರೇಡಿಯೋದೊಳಗಿನ ಕಡ್ಡಿಗಾತ್ರದ ಸ್ವಿಚ್ಚು ಸುಟ್ಟು ಅಂಟಿಕೊಂಡಿತ್ತು. ಕಿವಿಗೆ ಹೆಡ್‌ಫೋನು, ಸಭೆಗೆ ಬೆನ್ನು, ದೀಪ ತಲೆಯ ಮೇಲೆ. ಕಿಯೋಹಾರು ಉಳಿದ ಕೇರಿಗಳ ವರದಿ ಬರೆದುಕೊಳ್ಳುತ್ತಾ ಕಾಲು ಕುಣಿಸುತ್ತಿದ್ದ.

ಹಂಡೆ ಉಕ್ಕಿತು. ಯಾರೂ ಚಕಾರ ಎತ್ತಲಿಲ್ಲ. ಆಮೇಲೆ ಬತ್ತಿತು, ತಳ ಹಿಡಿಯಿತು, ಹೊಗೆ ಎದ್ದಿತು. ಒಬ್ಬ ಕೈಯಾಡಿಸಿದ, ಇನ್ನೊಬ್ಬ ಟೋಪಿ ಬೀಸಿದ. ಹೊರಳಿ ನೋಡಿದ ಕಿಯೋಹಾರು, ಮೆಚ್ಚಿ ಕೈ ಬೀಸುತ್ತಿದ್ದಾರೆಂದು ತಲೆಬಾಗಿ ವಂದಿಸಿದ! ಮಿಯೋಕೊ ಎದ್ದು ಬಂದು ಅವನ ತೋಳು ಜಗ್ಗಿದಳು.

"ಶ್! ನಗರಸಭೆಯೋರು ಮಾತಾಡ್ತಿದಾರೆ!"

ಅವಳು ಹೆಡ್‌ಫೋನು ಕಿತ್ತೆಸೆದಳು. "ಸಾರು ಸುಟ್ಟು ಕರಕಾಯ್ತಲ್ರೀ!"

"ಅಷ್ಟೂ ಜನ ಕೂತಿದ್ದೀರಲ್ಲ, ಒಲೆ ಆರ್ಸೋಕೆ ಏನಾಗಿತ್ತು? ನಾನು ಮಾತು ಮುಗ್ಸಿ ಯಾವ ಕಾಲ ಆಯ್ತು!"

"ಮತ್ತೆ ನಿಮ್ಮಪ್ಪನ ದೀಪ ಯಾಕೆ ಉರೀತಿದೆ?"

ಕಿಯೋಹಾರುವಿನ ಮುಖ ದೀಪಕ್ಕಿಂತ ಕೆಂಪಾಯಿತು. ಅರವತ್ತು ಜನರ ಊಟ ಮಸಿ. ಕಂಬದ ಕತೆ ಮುಗಿಯಿತೆಂದು ಅಜ್ಜಿಯ ಮುಂದೆ ಮಂಡಿಯೂರಿ ಹಣೆ ನೆಲಕ್ಕೆ ಹಚ್ಚಿದ.

"ಸಂದೇಶ ಮುಟ್ತೋ?"

"ಮುಟ್ತು, ಅಧ್ಯಕ್ಷರೇ. ದೀಪಾನ ಇವತ್ತೇ ಸರಿ ಮಾಡ್ತೀನಿ."

"ಮುಟ್ಟಬೇಡ!" ಅಜ್ಜಿ ಗುಡುಗಿದಳು. "ಮೂವತ್ತು ವರ್ಷದಿಂದ ಇಲ್ಲಿ ಸಭೆ ನಡೆಸ್ತಿದೀನಿ. ಈ ಜನ ಮುಕ್ಕಾಲು ಗಂಟೆ ಬಾಯಿ ಮುಚ್ಚಿದ್ದು ಇವತ್ತೇ! ಕಂಬ ಇರ್ಲಿ. ದೀಪ ಹಿಂಗೇ ಕೆಟ್ಟಿರ್ಲಿ. ಏನಾದ್ರೂ ರಿಪೇರಿ ಅಂತ ಕೈ ಹಾಕಿದ್ಯೋ, ಕಂಬದ ಜೊತೆ ನಿನ್ನೂ ಕೀಳಿಸ್ತೀನಿ!"