ಇಪ್ಪತ್ತೊಂದು ಸಹಿ, ಒಂದು ನಾಯಿ

ಲಿಫ್ಟ್ ಇನ್ಸ್‌ಪೆಕ್ಟರರ ಸಹಿ ಎಂದರೆ ಸುಮ್ಮನೆ ಅಲ್ಲ. ಅದು ಬೀಳದೆ ಊರಿನ ಒಂದು ಲಿಫ್ಟೂ ಮೇಲೇಳುವಂತಿರಲಿಲ್ಲ. ತಂತಿ ಹಗ್ಗ ಮುಟ್ಟಿ ನೋಡಿ, ಬ್ರೇಕ್ ಪರೀಕ್ಷಿಸಿ, ಕೆಳಗಿನ ಗುಂಡಿಗೆ ಟಾರ್ಚ್ ಬಿಟ್ಟು, ಮೂರು ಸಲ ಹತ್ತಿ ಇಳಿದ ಮೇಲೆಯೇ ಅವರ ಪೆನ್ನು ಜೇಬಿನಿಂದ ಹೊರಬರುತ್ತಿತ್ತು. ಕಟ್ಟಡದ ಮಾಲೀಕರು ಅವರನ್ನು ಬೆನ್ನ ಹಿಂದೆ ಬೈಯುತ್ತಿದ್ದರು. ಅದೇ ತಮಗೆ ಸಿಕ್ಕ ಬಿರುದು ಎಂದು ಇನ್ಸ್‌ಪೆಕ್ಟರರು ಹಿಗ್ಗುತ್ತಿದ್ದರು.

ಹೀಗಿರುವಾಗ ಏಳನೇ ತರಗತಿಯ ಮಗಳ ಶಾಲೆಯ ಚಾವಣಿ ರಿಪೇರಿಗೆ ಬಂತು. ಮೂರು ವಾರ ಪಾಠವೆಲ್ಲ ಮನೆಯಲ್ಲೇ. ಇಂಗ್ಲಿಷ್ ಟೀಚರ್ ಒಂದು ಹಾಳೆ ಕಳಿಸಿದರು. ದಿನಕ್ಕೆ ಇಪ್ಪತ್ತು ನಿಮಿಷ ಮಗು ಒಂದು ಇಂಗ್ಲಿಷ್ ಕಾದಂಬರಿಯನ್ನು ಮನೆಯ ಹಿರಿಯರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕೇಳಿದವರು ಒಂದು ಸಾಲು ಅಭಿಪ್ರಾಯ ಬರೆದು ಸಹಿ ಹಾಕಬೇಕು. ಇಪ್ಪತ್ತೊಂದು ದಿನ, ಇಪ್ಪತ್ತೊಂದು ಖಾನೆ.

"ಇಂಗ್ಲಿಷು ಇವತ್ತಿಂದ ನನ್ನ ಖಾತೆ," ಎಂದು ಇನ್ಸ್‌ಪೆಕ್ಟರರು ಹಾಳೆಯನ್ನು ವಶಕ್ಕೆ ತೆಗೆದುಕೊಂಡರು. "ತಪಾಸಣೆ ಅಂದ್ರೆ ಹೇಗಿರುತ್ತೆ ಅಂತ ಆ ಟೀಚರಿಗೂ ಗೊತ್ತಾಗಲಿ."

ಔಷಧಿ ಅಂಗಡಿ ನಡೆಸುವ ಹೆಂಡತಿ ತಲೆ ಎತ್ತದೆಯೇ ಹೇಳಿದಳು: "ಹೋದ ವರ್ಷ ಗಣಿತವೂ ನಿಮ್ಮ ಖಾತೇಲೇ ಇತ್ತು ರೀ. ಎರಡೇ ವಾರಕ್ಕೆ ಟ್ಯೂಷನ್ನಿಗೆ ಸೇರಿಸಬೇಕಾಯ್ತು."

ಮೊದಲ ದಿನ ಇನ್ಸ್‌ಪೆಕ್ಟರರು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಮಗಳು ಓದತೊಡಗಿದಳು. ಮೂರನೇ ನಿಮಿಷಕ್ಕೆ ಅವರ ಗೊರಕೆ ಅವಳ ಓದಿಗೆ ಪೈಪೋಟಿ ಕೊಡಲಾರಂಭಿಸಿತು. ಎರಡನೇ ದಿನ ಆಫೀಸಿನ ಫೋನು. ಮೂರನೇ ದಿನ ಮತ್ತೆ ಗೊರಕೆ. ಅಲ್ಲಿಗೆ ಆರಂಭಶೂರತ್ವ ಮುಗಿಯಿತು.

ನಾಲ್ಕನೇ ದಿನ, ಭಾನುವಾರ, ಅವರು ನಾಲ್ಕು ಬೇರೆ ಬೇರೆ ಪೆನ್ನು ಹಿಡಿದು ಕೂತು ಉಳಿದ ಖಾನೆಗಳನ್ನೆಲ್ಲ ಒಂದೇ ಏಟಿಗೆ ತುಂಬಿಸಿಬಿಟ್ಟರು! ಪುಸ್ತಕ ತೆರೆದು ನೋಡಿದ್ದರೆ ಕೇಳಿ. ಹೊದಿಕೆಯ ಮೇಲೆ ಒಂದು ದೋಣಿ, ದೋಣಿಯಲ್ಲೊಂದು ಕಂದು ನಾಯಿ ಇತ್ತು. ಅಷ್ಟು ಸಾಕಾಗಿತ್ತು. 'ನಾಯಿಯ ನಿಷ್ಠೆ ಮನ ಕಲಕಿತು.' 'ನಾಯಿ ದಿನದಿಂದ ದಿನಕ್ಕೆ ಚುರುಕಾಗುತ್ತಿದೆ.' 'ಇಂದಿನ ಅಧ್ಯಾಯದಲ್ಲಿ ನಾಯಿಯ ಮೌನವೇ ಮಾತಾಡಿತು.' ಇಂಗ್ಲಿಷಿನಲ್ಲಿ ಇವು ಇನ್ನೂ ಗಂಭೀರವಾಗಿ ಕಾಣುತ್ತಿದ್ದವು.

"ಅಪ್ಪಾ, ನಾನಿನ್ನೂ ಅಷ್ಟು ದೂರ ಓದೇ ಇಲ್ಲ," ಎಂದಳು ಮಗಳು.

"ಓದ್ತೀಯಲ್ಲ, ಆಯ್ತು. ಮಕ್ಕಳ ಮೇಲೆ ನಂಬಿಕೆ ಇಡಬೇಕು ಪುಟ್ಟಾ."

ಮಗಳು ಪುಸ್ತಕ ಎತ್ತಿಕೊಂಡು ಒಳಕೋಣೆಗೆ ಹೋದಳು.

ವಾರಕ್ಕೊಮ್ಮೆ, ಆ ವಾರದ ಖಾನೆಗಳಷ್ಟೇ ಕಾಣುವಂತೆ, ಹಾಳೆಯ ಫೋಟೋ ಟೀಚರಿಗೆ ಹೋಗುತ್ತಿತ್ತು. ಮೂರನೇ ವಾರದ ಗುರುವಾರ ಅಲ್ಲಿಂದ ಒಂದು ಪತ್ರ ಬಂತು. ನಲವತ್ತು ಮಕ್ಕಳು, ನಲವತ್ತು ಬೇರೆ ಬೇರೆ ಪುಸ್ತಕ, ಎಲ್ಲವನ್ನೂ ಓದಲು ತನಗೆ ಆಗುವುದಿಲ್ಲ. ಆದರೆ ಇಷ್ಟು ಮನಸ್ಸಿಟ್ಟು ಕೇಳುವ ತಂದೆಯನ್ನು ತಾನು ಕಂಡಿಲ್ಲ. ನಾಳೆ ನಾಲ್ಕು ಗಂಟೆಯ ಆನ್‌ಲೈನ್ ತರಗತಿಯಲ್ಲಿ ಎಲ್ಲ ಪೋಷಕರ ಮುಂದೆ ಅವರು ಈ ಕಥೆಯ ಬಗ್ಗೆ ಹತ್ತು ನಿಮಿಷ ಮಾತಾಡಬೇಕು. ಅಷ್ಟೂ ಓದಿ ಇನ್ಸ್‌ಪೆಕ್ಟರರ ಎದೆ ಉಬ್ಬಿತು. ಮರುಕ್ಷಣವೇ ಇನ್ನೊಂದು ವಿಷಯ ಹೊಳೆಯಿತು. ಅದೇ ತರಗತಿಯಲ್ಲಿ ಅವರ ಮುಖ್ಯ ಇನ್ಸ್‌ಪೆಕ್ಟರರ ಮೊಮ್ಮಗನೂ ಓದುತ್ತಿದ್ದ. ಮುಖ್ಯರು ಮೊಮ್ಮಗನ ಪಕ್ಕ ಬಿಟ್ಟು ಕದಲುವವರಲ್ಲ. ನೋಡದೆ ಸಹಿ ಹಾಕಿದ್ದು ಅವರಿಗೆ ತಿಳಿದರೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲು.

ಶುಕ್ರವಾರ ಅರ್ಧ ದಿನ ರಜೆ ಹಾಕಿ ಮನೆಗೆ ಓಡಿಬಂದರು. ಹೆಂಡತಿ ಮಗಳನ್ನು ಕರೆದುಕೊಂಡು ಕನ್ನಡಕ ತರಲು ಹೋಗಿದ್ದಳು. ಇದ್ದರೂ ಯಾವ ಮುಖ ಇಟ್ಟುಕೊಂಡು ಮಗಳನ್ನು ಕೇಳುವುದು? ಅವರೇ ಪುಸ್ತಕ ಹಿಡಿದರು. ಐದನೇ ಪುಟಕ್ಕೆ ಕಣ್ಣು ಎಳೆಯಿತು. ಎದುರಿಗೆ ಅವರ ತಾಯಿ ಬಟಾಣಿ ಸುಲಿಯುತ್ತಾ ಕೂತಿದ್ದರು. ಬಸ್ಸು, ಲಿಫ್ಟು, ಬಿ.ಪಿ. ಬಿಟ್ಟರೆ ಆ ತಾಯಿಗೆ ಇಂಗ್ಲಿಷಿನ ಸಹವಾಸವೇ ಇರಲಿಲ್ಲ.

"ಯಾಕೋ ಬೆವರ್ತಾ ಇದ್ದೀಯ?"

"ಏನಿಲ್ಲಮ್ಮ. ಈ ನಾಯಿ ಎಲ್ಲಿ ಬರುತ್ತೆ ಅಂತ ಹುಡುಕ್ತಾ ಇದ್ದೀನಿ."

"ಆ ದೋಣಿ ಕಥೇಲಾ? ಅದರಲ್ಲಿ ನಾಯೀನೇ ಇಲ್ವಲ್ಲೋ."

ಇನ್ಸ್‌ಪೆಕ್ಟರರು ಹೊದಿಕೆ ತೋರಿಸಿದರು.

"ಅದು ಬರೀ ಹೊರಗಡೆ ಇರೋದು. ನಾನೂ ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೂ ಕಾದೂ ಸಾಕಾಯ್ತು. ಬರಲೇ ಇಲ್ಲ."

"ನಿನಗೆ ಹೇಗಮ್ಮ ಗೊತ್ತು?"

"ದಿನಾ ಓದ್ತಾಳಲ್ಲ ನನ್ನ ಹತ್ರ. ಒಂದು ಸಾಲು ಇಂಗ್ಲಿಷಲ್ಲಿ ಓದೋದು, ಆಮೇಲೆ ಅದನ್ನ ಕನ್ನಡದಲ್ಲಿ ಹೇಳೋದು. ನಾನು ಒಪ್ಪದೆ ಮುಂದಿನ ಸಾಲಿಗೆ ಬಿಡೋದೇ ಇಲ್ಲ."

ಇನ್ಸ್‌ಪೆಕ್ಟರರಿಗೆ ನಾಚಿಕೆಯಾಯಿತು. ನಾಚಿಕೆಗೆ ಪುರುಸೊತ್ತಿರಲಿಲ್ಲ. ಅವರು ನೆಲದ ಮೇಲೆ ಕೂತರು. ತಾಯಿ ಬಟಾಣಿ ಬುಟ್ಟಿಯನ್ನು ಮಗನ ಕೈಗೆ ಕೊಟ್ಟು ಕಥೆ ಶುರು ಮಾಡಿದರು. ನದಿ ದಾಟಿಸುವ ದೋಣಿ ಮುದುಕಿ, ಅವಳ ಬಳಿ ಹುಟ್ಟು ಹಾಕುವುದನ್ನು ಕಲಿಯುವ ಹುಡುಗಿ, ನದಿಗೆ ಬರಲಿರುವ ಸೇತುವೆ, ದೋಣಿ ಮಾರಿಬಿಡು ಎಂದು ಪೀಡಿಸುವ ಮುದುಕಿಯ ತಮ್ಮ. ತಮ್ಮನ ಸುದ್ದಿ ಬಂದಾಗಲೆಲ್ಲ ತಾಯಿ, "ಅವನ ಮನೆ ಹಾಳಾಗ," ಎನ್ನುತ್ತಿದ್ದರು. ಇನ್ಸ್‌ಪೆಕ್ಟರರು ಗೊರಕೆ ಹೊಡೆಯಲಿಲ್ಲ. ಬಟಾಣಿಯೂ ಮುಗಿಯಿತು.

ನಾಲ್ಕಕ್ಕೆ ಲ್ಯಾಪ್‌ಟಾಪ್ ಮುಂದೆ ಇಸ್ತ್ರಿ ಅಂಗಿಯಲ್ಲಿ ಅವರು, ಪಕ್ಕದಲ್ಲಿ ಹೊಸ ಕನ್ನಡಕದ ಮಗಳು, ಹಿಂದೆ ಹೆಂಡತಿ ಮತ್ತು ತಾಯಿ. ಪರದೆಯ ಒಂದು ಚೌಕದಲ್ಲಿ ಮೊಮ್ಮಗನ ಭುಜದ ಮೇಲಿಂದ ಮುಖ್ಯರ ಮೀಸೆ ಕಾಣುತ್ತಿತ್ತು. ಇನ್ಸ್‌ಪೆಕ್ಟರರು ಗಂಟಲು ಸರಿಪಡಿಸಿಕೊಂಡು ಐದು ನಿಮಿಷ ಕಥೆಯನ್ನು ಚೆನ್ನಾಗಿಯೇ ಹೇಳಿದರು.

"ಆಮೇಲೆ ಮುದುಕಿ ತನ್ನ ಹುಟ್ಟನ್ನ ಅಣ್ಣನಿಗೆ ಕೊಡ್ತಾಳೆ," ಎಂದರು.

"ತಮ್ಮ ಕಣೋ," ಎಂದು ಹಿಂದಿನಿಂದ ದನಿ ಬಂತು. "ಕೊಡೋದೂ ಇಲ್ಲ. ಅವನೇ ಕಿತ್ಕೊಳ್ತಾನೆ."

ಮಕ್ಕಳು ನಕ್ಕರು. ಟೀಚರೂ ನಕ್ಕು, "ಸಾರ್, ಆ ನಾಯಿ ಬಗ್ಗೆ ಹೇಳಿ. ನೀವು ಬರೆದಿದ್ದನ್ನ ನಾನು ನಮ್ಮ ಮನೆಯವರಿಗೂ ಓದಿ ತೋರಿಸಿದೆ," ಎಂದರು.

ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ನಾಯಿಯನ್ನು ಆ ದೋಣಿಗೆ ಹತ್ತಿಸುವುದು ಕಷ್ಟವೇನಲ್ಲ. ಆ ಪುಸ್ತಕ ಓದಿದವರು ಅಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಮಗಳು ಕನ್ನಡಕದೊಳಗಿಂದ ಅವರನ್ನೇ ನೋಡುತ್ತಿದ್ದಳು.

"ನಾಯಿ ಇಲ್ಲ ಮೇಡಂ," ಎಂದರು ಇನ್ಸ್‌ಪೆಕ್ಟರರು. "ಕಥೆ ನಾನು ಕೇಳೇ ಇಲ್ಲ. ಎಲ್ಲ ಸಹಿ ಮೊದಲೇ ಹಾಕಿಟ್ಟಿದ್ದೆ. ದಿನಾ ಕೂತು ಕೇಳಿದ್ದು ನಮ್ಮ ತಾಯಿ. ನನಗೆ ಇವತ್ತು ಹೇಳಿಕೊಟ್ಟಿದ್ದೂ ಅವರೇ."

ಮಗಳು ಮೇಜಿನ ಕೆಳಗೆ ಅವರ ಕೈ ಹಿಡಿದುಕೊಂಡಳು. "ನಾಯಿ ಇಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ?" ಎಂದು ಅವರು ಪಿಸುಗುಟ್ಟಿದರು.

"ನೀನು ಅಷ್ಟು ಖುಷಿಯಾಗಿ ಬರೆದಿದ್ದೆ ಅಪ್ಪಾ."

ಅಷ್ಟರಲ್ಲಿ ನಲವತ್ತು ಚೌಕಗಳಿಂದ, "ಅಜ್ಜೀ, ಆಮೇಲೆ ಏನಾಯ್ತು?" ಎಂಬ ಗಲಾಟೆ ಎದ್ದಿತ್ತು. ಟೀಚರ್ ತಡೆಯಲಿಲ್ಲ. ಅಜ್ಜಿ ಮಗನನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು ಅರ್ಧ ಗಂಟೆ ಕಥೆ ಹೇಳಿದರು. ಹುಡುಗಿ ಇನ್ನೊಂದು ಹುಟ್ಟು ಹಿಡಿದು ಪ್ರವಾಹಕ್ಕೆ ಇಳಿಯುವಲ್ಲಿಗೆ ನಿಲ್ಲಿಸಿದರು, ಅವರು ಕೇಳಿದ್ದೂ ಅಲ್ಲಿಯವರೆಗೇ. ಇನ್ಸ್‌ಪೆಕ್ಟರರು ಗೋಡೆಗೆ ಒರಗಿ ನಿಂತು ಎಲ್ಲರ ಜೊತೆ ಬಾಯಿ ಬಿಟ್ಟುಕೊಂಡು ಕೇಳಿದರು.

ತರಗತಿ ಮುಗಿದು ಎರಡು ನಿಮಿಷ ಆಗಿರಲಿಲ್ಲ, ಫೋನ್ ಬಡಿದುಕೊಂಡಿತು. ಮುಖ್ಯ ಇನ್ಸ್‌ಪೆಕ್ಟರರು.

"ಈ ಮೂರು ವಾರದಲ್ಲಿ ನೀವು ಸಹಿ ಹಾಕಿದ ಲಿಫ್ಟುಗಳ ಪಟ್ಟಿ ತಗೊಂಡು ನಾಳೆ ಬೆಳಿಗ್ಗೆ ಬನ್ನಿ. ಎಲ್ಲವನ್ನೂ ಇನ್ನೊಂದು ಸಲ ನೋಡಿಬಿಡೋಣ."

"ಆಗಲಿ ಸಾರ್."

"ಬರುವಾಗ ನಿಮ್ಮ ತಾಯಿಯವರನ್ನೂ ಕರ್ಕೊಂಡು ಬನ್ನಿ. ಅವರು ಒಪ್ಪಿದ್ರೆ ನಾನು ನೋಡೋದೇ ಬೇಡ."

ಇನ್ಸ್‌ಪೆಕ್ಟರರು ಫೋನಿಗೆ ಕೈ ಅಡ್ಡ ಹಿಡಿದು, ತಾಯಿಗೆ ವಿಷಯ ಹೇಳಿದರು.

ತಾಯಿ ಆಗಲೇ ಮೊಮ್ಮಗಳ ಜೊತೆ ಪುಸ್ತಕ ತೆರೆದು ಕೂತಿದ್ದರು. "ನಾಳೆ ಆಗಲ್ಲ ಅನ್ನು," ಎಂದರು. "ಇನ್ನೂ ಎರಡು ಅಧ್ಯಾಯ ಬಾಕಿ ಇದೆ."